ನೀಲಿ ಬೋಗಿ ಹೋಯಿತು, ನಮ್ಮ ಬರ್ತ್ ಎಲ್ಲಿ?

ನಾಗಪುರದಲ್ಲಿ ಕನ್ನಡದವರು ಇಬ್ಬರು ಎದುರಾದರೆ ಮೊದಲ ಪ್ರಶ್ನೆ "ನಿಮ್ಮೂರು ಯಾವುದು?" ಎರಡನೆಯದು "ಯಾವ ಗಾಡಿಗೆ ಹೋಗ್ತೀರಿ?" ಮದುವೆಯಾಗಿ ತುಮಕೂರಿನಿಂದ ಇಲ್ಲಿಗೆ ಬಂದ ಹೊಸದರಲ್ಲಿ ಎರಡನೆಯ ಪ್ರಶ್ನೆ ಯಾಕೆ ಅಷ್ಟು ಮುಖ್ಯ ಅಂತ ನನಗೆ ತಿಳಿಯುತ್ತಿರಲಿಲ್ಲ. ಇಲ್ಲಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾ, ಬೇಸಿಗೆ ರಜೆ ಬಂದಾಗಲೆಲ್ಲ ತವರಿಗೆ ಓಡುತ್ತಾ ಇದ್ದ ಹಾಗೆ ತಿಳಿಯಿತು. ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವವರಿಗೆ ಗಾಡಿ ಅಂದರೆ ಊರಿನ ಅರ್ಧ.

ಬೆಂಗಳೂರಿನ ಕಡೆಗೆ ನಾಗಪುರ ಹಾದು ಹೋಗುವ ಗಾಡಿಗಳಿಗೆ ಕೊರತೆಯಿಲ್ಲ. ಪಾಟ್ನಾ ಕಡೆಯಿಂದ ಬರುವ ಸಂಘಮಿತ್ರ, ದೆಹಲಿಯ ನಿಜಾಮುದ್ದೀನ್‌ನಿಂದ ಬರುವ ಸಂಪರ್ಕ ಕ್ರಾಂತಿ ಮತ್ತು ರಾಜಧಾನಿ, ಕೋರ್ಬಾದಿಂದ ಬರುವ ವೈನ್‌ಗಂಗಾ, ದರ್ಭಾಂಗದಿಂದ ಮೈಸೂರಿಗೆ ಹೋಗುವ ಬಾಗ್ಮತಿ. ಒಂದೊಂದು ಮನೆಗೆ ಒಂದೊಂದು ಗಾಡಿ ರೂಢಿ. "ನಾವು ಸಂಘಮಿತ್ರದವರು" ಅಂತ ಕುಲದ ಹೆಸರು ಹೇಳುವ ಹಾಗೆ ಹೇಳುವವರನ್ನು ನಾನು ಬಲ್ಲೆ. ಚೆನ್ನೈ ಸುತ್ತಿ ಹೋಗುವುದರಿಂದ ಹೊತ್ತು ಹೆಚ್ಚು ಹಿಡಿಯುತ್ತದೆ ಅಂತ ಗೊತ್ತಿದ್ದೂ ಅವರು ಗಾಡಿ ಬದಲಿಸುವುದಿಲ್ಲ. ಯಾವ ಸ್ಟೇಷನ್ನಿನಲ್ಲಿ ಕಾಫಿ ಚೆನ್ನ, ಎಲ್ಲಿ ನೀರು ತುಂಬಿಕೊಳ್ಳಬಹುದು, ಎಲ್ಲಿಂದ ಜನ ನುಗ್ಗುತ್ತಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ.

ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಈ ಗಾಡಿಗಳ ಮೈ ಪೂರ್ತಿ ಬದಲಾಗಿದೆ. ಒಂದಾದ ಮೇಲೊಂದರಂತೆ ನೀಲಿ ಬೋಗಿಗಳು ಹೋಗಿ ಕೆಂಪು ಬೋಗಿಗಳು ಬಂದವು. ಹೆಸರು ಅದೇ, ನಂಬರು ಅದೇ, ದಾರಿಯೂ ಅದೇ. ಆದರೆ ಹಳೆಯ ಪ್ರಯಾಣಿಕರು ಅದನ್ನು ಅದೇ ಗಾಡಿ ಅಂತ ಒಪ್ಪಿಕೊಳ್ಳಲು ತುಂಬ ದಿನ ಹಿಡಿಯಿತು. ಕೆಲವರು ಇನ್ನೂ ಒಪ್ಪಿಲ್ಲ. ಇದನ್ನು ವಯಸ್ಸಾದವರ ಹಟ ಅಂತ ತಳ್ಳಿಹಾಕುವವರಿದ್ದಾರೆ. ಅವರ ತಕರಾರಿನಲ್ಲಿ ಒಂದು ಗಟ್ಟಿಯಾದ ಲೆಕ್ಕ ಇದೆ ಅಂತ ನನಗೆ ಖಚಿತವಾಗಿ ಅನ್ನಿಸುವುದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬೋಗಿ ಯಾಕೆ ಬದಲಾಯಿತು ಅಂತ ನೋಡಬೇಕು.

ನೀಲಿ ಬೋಗಿಯನ್ನು ರೈಲ್ವೆಯವರು ಐಸಿಎಫ್ ಬೋಗಿ ಅನ್ನುತ್ತಾರೆ. ಚೆನ್ನೈನ ಪೆರಂಬೂರಿನಲ್ಲಿರುವ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯನ್ನು 1955ರ ಅಕ್ಟೋಬರ್ 2ರಂದು ನೆಹರೂ ಉದ್ಘಾಟಿಸಿದರು. ಬೋಗಿಯ ವಿನ್ಯಾಸ ಸ್ವಿಟ್ಜರ್ಲೆಂಡಿನ ಶ್ಲೀರೆನ್ ಊರಿನ ಕಂಪನಿಯದು. ಅರವತ್ತಕ್ಕೂ ಹೆಚ್ಚು ವರ್ಷ ಈ ದೇಶ ಓಡಾಡಿದ್ದು ಬಹುಪಾಲು ಅದೇ ಬೋಗಿಯಲ್ಲಿ. ನಾನು ಚಿಕ್ಕವಳಿದ್ದಾಗ ಅವು ಇಟ್ಟಿಗೆಗೆಂಪು ಬಣ್ಣದವು. ವ್ಯಾಕ್ಯೂಮ್ ಬ್ರೇಕ್ ಹೋಗಿ ಏರ್ ಬ್ರೇಕ್ ಬಂದ ಕಾಲಕ್ಕೆ ಗುರುತಿಗೆಂದು ನೀಲಿ ಬಳಿದರು. ಆ ವಿನ್ಯಾಸದ ಕೊನೆಯ ಬೋಗಿ ಪೆರಂಬೂರಿನಿಂದ ಹೊರಬಿದ್ದದ್ದು 2018ರ ಜನವರಿಯಲ್ಲಿ.

ಕೆಂಪು ಬೋಗಿ ಎಲ್‌ಎಚ್‌ಬಿ. ಲಿಂಕೆ ಹಾಫ್‌ಮನ್ ಬುಷ್ ಎಂಬ ಜರ್ಮನ್ ಕಂಪನಿಯ ಹೆಸರಿನ ಮೊದಲ ಅಕ್ಷರಗಳು. 2000ದ ಸುಮಾರಿಗೆ ಮೊದಲ 24 ಬೋಗಿಗಳು ಜರ್ಮನಿಯಿಂದ ಬಂದವು, ಆಮೇಲೆ ಪಂಜಾಬಿನ ಕಪೂರ್ತಲಾ ಕಾರ್ಖಾನೆಯಲ್ಲಿ ಇಲ್ಲಿಯೇ ಕಟ್ಟತೊಡಗಿದರು. ಮೊದಲು ಶತಾಬ್ದಿ, ರಾಜಧಾನಿಗಳಿಗೆ ಸಿಕ್ಕಿತು. ನಮ್ಮಂಥವರ ಸ್ಲೀಪರ್ ಗಾಡಿಗಳಿಗೆ ಬರಲು ಇನ್ನೂ ಬಹಳ ವರ್ಷ ಬೇಕಾಯಿತು.

ಇವೆರಡರ ನಡುವಿನ ದೊಡ್ಡ ವ್ಯತ್ಯಾಸವನ್ನು ನನಗೆ ಬಿಡಿಸಿ ಹೇಳಿದವರು ನಮ್ಮ ಬಡಾವಣೆಯ ಒಬ್ಬ ಕಾಕಾ. ಅಜನಿಯ ರೈಲ್ವೆ ಕಾಲೊನಿಯಲ್ಲಿ ಬೆಳೆದು, ಬೋಗಿಗಳ ತಪಾಸಣೆ ಮಾಡುವ ಕ್ಯಾರೇಜ್ ಅಂಡ್ ವ್ಯಾಗನ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಎರಡು ಬೆಂಕಿಪೊಟ್ಟಣಗಳನ್ನು ಟೀಪಾಯಿಯ ಮೇಲೆ ಇಟ್ಟು ಅವರು ತೋರಿಸಿದರು. ಹಳೆಯ ಬೋಗಿಗಳನ್ನು ಒಂದಕ್ಕೊಂದು ಸ್ಕ್ರೂ ಕಪ್ಲಿಂಗ್‌ನಿಂದ ಬಿಗಿಯುತ್ತಿದ್ದರು, ಎರಡು ಬದಿಗೆ ಅಣಬೆಯಾಕಾರದ ಬಫರ್. ಗಾಡಿ ಡಿಕ್ಕಿ ಹೊಡೆದರೆ ಹಿಂದಿನ ಬೋಗಿ ಮುಂದಿನದರ ಮೇಲೆ ಹತ್ತಿಬಿಡುತ್ತಿತ್ತು. ಹತ್ತಿದ ಬೋಗಿಯ ಕೆಳಗೆ ಸಿಕ್ಕವರು ಉಳಿಯುತ್ತಿರಲಿಲ್ಲ. ಹೊಸ ಬೋಗಿಯಲ್ಲಿ ನಡುವೆ ಒಂದೇ ಕಪ್ಲರ್, ಕೈಗೆ ಕೈ ಹೆಣೆದ ಹಾಗೆ. ಹಳಿ ತಪ್ಪಿದರೂ ಬೋಗಿಗಳು ಒಂದರ ಮೇಲೊಂದು ಹತ್ತುವುದನ್ನು ಅದು ಬಹುಮಟ್ಟಿಗೆ ತಡೆಯುತ್ತದೆ. ಮೈ ಸ್ಟೇನ್‌ಲೆಸ್ ಸ್ಟೀಲ್, ಬ್ರೇಕು ಡಿಸ್ಕಿನದು.

"ಮೇಡಂ, ನಾವು ಅಪಘಾತದ ಜಾಗಕ್ಕೆ ಹೋದವರು. ನೀಲಿ ಬೋಗಿಯ ಮೇಲೆ ನನಗೂ ಪ್ರೀತಿ ಇದೆ. ಆದರೂ ನನ್ನ ಮಗಳನ್ನು ಕೆಂಪು ಬೋಗಿಯಲ್ಲೇ ಕಳಿಸ್ತೀನಿ," ಅಂದರು ಕಾಕಾ.

ಈ ಮಾತಿನ ತೂಕ ಗೊತ್ತಾಗಬೇಕಾದರೆ ಕೆಲವು ಕೆಟ್ಟ ದಿನಗಳನ್ನು ನೆನೆಯಬೇಕು. 1999ರ ಆಗಸ್ಟ್ 2ರಂದು ಉತ್ತರ ಬಂಗಾಳದ ಗೈಸಾಲ್‌ನಲ್ಲಿ ಎರಡು ಗಾಡಿಗಳು ಮುಖಾಮುಖಿ ಡಿಕ್ಕಿಯಾಗಿ 250ಕ್ಕೂ ಹೆಚ್ಚು ಜನ ಸತ್ತರು. 2016ರ ನವೆಂಬರ್ 20ರಂದು ಕಾನ್ಪುರದ ಹತ್ತಿರ ಪುಖರಾಯಾಂ ಎಂಬಲ್ಲಿ ಇಂದೋರ್-ಪಾಟ್ನಾ ಎಕ್ಸ್‌ಪ್ರೆಸ್ ಹಳಿ ತಪ್ಪಿ ಸುಮಾರು 150 ಜನ ಹೋದರು. ಅವೂ ಹಳೆಯ ಮಾದರಿಯ ಬೋಗಿಗಳೇ. ಅದಾದ ಮೇಲೆ ಹಳೆಯವನ್ನು ಬೇಗ ತೆಗೆಯಬೇಕೆಂಬ ಒತ್ತಾಯ ಬಲವಾಯಿತು.

ನಮಗೆ ಹೆಚ್ಚು ಹತ್ತಿರದ್ದು 2024ರ ಅಕ್ಟೋಬರ್ 11ರ ರಾತ್ರಿ. ಮೈಸೂರಿನಿಂದ ಹೊರಟು ಬೆಂಗಳೂರು, ಚೆನ್ನೈ ದಾಟಿ ನಾಗಪುರದ ಕಡೆ ಬರುತ್ತಿದ್ದ ನಮ್ಮ ಬಾಗ್ಮತಿ ಎಕ್ಸ್‌ಪ್ರೆಸ್, ಚೆನ್ನೈ ಹತ್ತಿರದ ಕವರೈಪೇಟೈನಲ್ಲಿ ಮುಖ್ಯ ಹಳಿಯಲ್ಲಿ ಹೋಗುವ ಬದಲು ಲೂಪ್ ಲೈನಿಗೆ ನುಗ್ಗಿ ನಿಂತಿದ್ದ ಗೂಡ್ಸ್ ಗಾಡಿಗೆ ಗುದ್ದಿತು. ವೇಗ ಗಂಟೆಗೆ ಸುಮಾರು 75 ಕಿಲೋಮೀಟರ್. ಹತ್ತಕ್ಕೂ ಹೆಚ್ಚು ಬೋಗಿಗಳು ಹಳಿ ಬಿಟ್ಟವು, ಒಂದಕ್ಕೆ ಬೆಂಕಿಯೂ ಹತ್ತಿತು. ಒಂದು ಜೀವವೂ ಹೋಗಲಿಲ್ಲ. ಆ ರಾತ್ರಿ ನಾಗಪುರದ ಎಷ್ಟೋ ಕನ್ನಡದ ಮನೆಗಳಲ್ಲಿ ಫೋನು ಕೆಳಗಿಟ್ಟವರಿಲ್ಲ. ನಮ್ಮ ಮನೆಯಲ್ಲೂ ಇಲ್ಲ. ಮರುದಿನ ಬೆಳಿಗ್ಗೆ ಟಿವಿಯಲ್ಲಿ ಅಡ್ಡಾದಿಡ್ಡಿ ಬಿದ್ದ ಆ ಕೆಂಪು ಬೋಗಿಗಳನ್ನು ನೋಡುತ್ತಾ, ಒಳಗಿದ್ದವರು ನಡೆದುಕೊಂಡು ಹೊರಗೆ ಬಂದರು ಅಂತ ಕೇಳಿದಾಗ, ಬೋಗಿಯ ವಿಷಯದಲ್ಲಿ ನನ್ನ ಮನಸ್ಸು ಒಂದು ಕಡೆ ನಿಂತುಬಿಟ್ಟಿತು.

ಹೊಸ ಬೋಗಿ ಇದ್ದರೆ ಸಾಕು ಅಂತಲೂ ಅಲ್ಲ. 2023ರ ಜೂನ್ 2ರಂದು ಒಡಿಶಾದ ಬಾಲಾಸೋರ್ ಹತ್ತಿರ ಕೋರಮಂಡಲ್ ಎಕ್ಸ್‌ಪ್ರೆಸ್ ಹೀಗೆಯೇ ಲೂಪ್ ಲೈನಿಗೆ ಹೊಕ್ಕು ಗೂಡ್ಸಿಗೆ ಗುದ್ದಿದಾಗ ಅದರದೂ ಎಲ್‌ಎಚ್‌ಬಿ ಬೋಗಿಗಳೇ. ವೇಗ ಮಾತ್ರ 128ರ ಹತ್ತಿರ. ಪಕ್ಕದ ಹಳಿಯ ಇನ್ನೊಂದು ಗಾಡಿಯೂ ಅದಕ್ಕೆ ಸಿಕ್ಕಿತು. 290ಕ್ಕೂ ಹೆಚ್ಚು ಜನ ಹೋದರು. ಸಿಗ್ನಲ್ಲು ತಪ್ಪಿದರೆ ಬೋಗಿ ಎಷ್ಟು ಕಾಪಾಡೀತು?

ಹೀಗೆ ಜೀವದ ಲೆಕ್ಕದಲ್ಲಿ ಕೆಂಪು ಬೋಗಿಯೇ ಮೇಲು. ಅದರ ಬಗ್ಗೆ ವಾದವಿಲ್ಲ. ನನ್ನ ಅಣ್ಣನ ಮಗ ಬೆಂಗಳೂರಿನಲ್ಲಿ ಎಂಜಿನಿಯರು. "ಅತ್ತೆ, ಜೀವ ಮುಖ್ಯಾನೋ ಬೋಗಿ ಬಣ್ಣ ಮುಖ್ಯಾನೋ?" ಅಂತ ಕೇಳುತ್ತಾನೆ. ಬಣ್ಣದ ಬಗ್ಗೆ ಇಲ್ಲಿ ಯಾರೂ ದೂರುತ್ತಿಲ್ಲ ಕಣಪ್ಪ, ಅಂತ ಅವನಿಗೆ ಹೇಳಬೇಕಾಯಿತು.

ದೂರು ಮೊದಲು ಶುರುವಾದದ್ದು ಜರ್ಕಿನಿಂದ. ಮಧ್ಯರಾತ್ರಿ ಗಾಡಿ ಯಾವುದೋ ಸ್ಟೇಷನ್ನಿನಿಂದ ಹೊರಡುವಾಗ ಯಾರೋ ಹಿಡಿದು ಎಳೆದ ಹಾಗಾಗುತ್ತದೆ, ಮೇಲಿನ ಬರ್ತಿನ ನೀರಿನ ಬಾಟಲಿ ಕೆಳಗೆ ಉರುಳುತ್ತದೆ, ಮಂಡಿನೋವಿನವರು ಕಂಬಿ ಹಿಡಿದು ಕೂರುತ್ತಾರೆ. ಇದು ಹಳಬರ ಕಲ್ಪನೆಯಲ್ಲ. ಹಳೆಯ ಸ್ಕ್ರೂ ಕಪ್ಲಿಂಗ್‌ನಲ್ಲಿ ಬಫರುಗಳು ಒತ್ತಿಕೊಂಡೇ ಇರುತ್ತಿದ್ದುದರಿಂದ ಬೋಗಿಗಳ ನಡುವೆ ಸಡಿಲ ಕಡಿಮೆ. ನಡುಕಪ್ಲರಿನಲ್ಲಿ ಸ್ವಲ್ಪ ಸಡಿಲ ಉಳಿಯುತ್ತದೆ. ಎಂಜಿನ್ನು ಎಳೆದಾಗ ಆ ಸಡಿಲವೆಲ್ಲ ಒಂದೊಂದು ಬೋಗಿಯಲ್ಲೂ ಬಿಗಿಯುತ್ತಾ ಹಿಂದಕ್ಕೆ ಓಡುತ್ತದೆ. ಇಪ್ಪತ್ತೆರಡು ಬೋಗಿಯ ಗಾಡಿಯ ಬಾಲದಲ್ಲಿ ಮಲಗಿದವರಿಗೆ ಅದು ಚೆನ್ನಾಗಿ ಗೊತ್ತಾಗುತ್ತದೆ. ಪ್ರಯಾಣಿಕರು ಹೇಳಿ ಹೇಳಿಯೇ ರೈಲ್ವೆ ಒಪ್ಪಿಕೊಂಡು, ಕಪ್ಲರಿನ ಹಿಂದಿನ ಡ್ರಾಫ್ಟ್ ಗೇರ್ ಎಂಬ ಭಾಗವನ್ನು ಉತ್ತಮಪಡಿಸಿ ಹಾಕತೊಡಗಿತು. ಈಗ ಜರ್ಕು ಮೊದಲಿನಷ್ಟಿಲ್ಲ. ಹಳೆಯ ಪ್ರಯಾಣಿಕ ಬಾಯಿ ಬಿಟ್ಟದ್ದರಿಂದ ಒಂದು ಯಂತ್ರ ಸರಿಹೋಯಿತು ಎಂಬುದನ್ನು ಇಲ್ಲಿ ಗುರುತು ಹಾಕಿಕೊಳ್ಳಬೇಕು.

ಒಳ್ಳೆಯ ಬದಲಾವಣೆಗಳನ್ನು ಇದೇ ಜನ ಸದ್ದಿಲ್ಲದೆ ಒಪ್ಪಿಕೊಂಡರು. ಹಳಿಯ ಮೇಲೆ ನೇರ ಬೀಳುತ್ತಿದ್ದ ಶೌಚಾಲಯ ಹೋಗಿ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಜೊತೆ ರೂಪಿಸಿದ ಬಯೋ ಟಾಯ್ಲೆಟ್ ಬಂತು. ಅದರಿಂದ ಸ್ಟೇಷನ್ನಿನ ಗಾಳಿಯೇ ಬದಲಾಯಿತು. ಬೋಗಿಗಳ ಎಸಿ, ದೀಪಗಳಿಗೆಂದು ಗಾಡಿಯ ಎರಡು ತುದಿಗಳಲ್ಲಿ ಡೀಸೆಲ್ ಜನರೇಟರು ಹೊತ್ತ ಪವರ್ ಕಾರುಗಳು ಗುಡುಗುತ್ತಾ ಬರುತ್ತಿದ್ದವು. ಈಗ ತಲೆಯ ಮೇಲಿನ ತಂತಿಯಿಂದ ಎಂಜಿನ್ನು ಎಳೆದುಕೊಂಡ ವಿದ್ಯುತ್ತೇ ಬೋಗಿಗಳಿಗೂ ಹೋಗುತ್ತದೆ. ಪವರ್ ಕಾರಿನ ಪಕ್ಕದ ಬೋಗಿಯಲ್ಲಿ ಮಲಗಿದವರಿಗೆ ಅದರ ಬೆಲೆ ಗೊತ್ತು.

ಇನ್ನೂ ಹಿಂದಕ್ಕೆ ಹೋದರೆ ಹೊಸ ಗಾಡಿಯನ್ನು ಜನ ಹಬ್ಬದಂತೆ ಬರಮಾಡಿಕೊಂಡ ಉದಾಹರಣೆ ನಾಗಪುರದ ಹಳಿಯ ಮೇಲೆಯೇ ಇದೆ. 1977ರ ಡಿಸೆಂಬರ್ 26ರಂದು ಮುಂಬಯಿಯಿಂದ ಹೌರಾಕ್ಕೆ ನಾಗಪುರದ ಮೇಲೆ ಗೀತಾಂಜಲಿ ಎಕ್ಸ್‌ಪ್ರೆಸ್ ಓಡತೊಡಗಿತು. ಆಗ ರೈಲ್ವೆ ಸಚಿವರು ಮಧು ದಂಡವತೆ. ಫಸ್ಟ್ ಕ್ಲಾಸೇ ಇಲ್ಲದ, ದರ್ಜೆಭೇದವಿಲ್ಲದ ಗಾಡಿ. ಅದಕ್ಕೆ ಮೊದಲು ಸೆಕೆಂಡ್ ಕ್ಲಾಸಿನ ಬರ್ತುಗಳು ಬರೀ ಮರದ ಹಲಗೆ. ಹೋಲ್ಡಾಲು ಬಿಚ್ಚಿ ಹಾಸಿಕೊಳ್ಳದೆ ಮಲಗುವ ಹಾಗಿರಲಿಲ್ಲ. ದಂಡವತೆ ಆ ಹಲಗೆಗೆ ಎರಡು ಅಂಗುಲದ ಫೋಮ್ ಹಾಕಿಸಿದರು. ಮೊದಲು ದೂರದ ಮುಖ್ಯ ಗಾಡಿಗಳಿಗೆ, ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಎಲ್ಲಕ್ಕೂ. ಇಂದು ಸ್ಲೀಪರಿನಲ್ಲಿ ಬೆನ್ನು ಚಾಚುವ ಪ್ರತಿಯೊಬ್ಬರೂ ಆ ಎರಡು ಅಂಗುಲದ ಮೇಲೆ ಮಲಗುತ್ತಿದ್ದೇವೆ. ಟಿಕೆಟ್ಟಿನ ದರ್ಜೆ ಏರಿಸದೆ ಅದೇ ದರ್ಜೆಯವರಿಗೆ ಸುಖ ಕೊಟ್ಟ ಬದಲಾವಣೆ ಅದು. ಹಳಬರು ಯಾರೂ ಹಲಗೆಯೇ ಚೆನ್ನಾಗಿತ್ತು ಅನ್ನಲಿಲ್ಲ.

ಹಾಗಾದರೆ ಕೆಂಪು ಬೋಗಿಯ ಕಾಲದಲ್ಲಿ ಅಸಮಾಧಾನ ಯಾಕೆ? ಉತ್ತರ ಬೋಗಿಯ ಮೈಯಲ್ಲಿಲ್ಲ, ರೇಕಿನ ಜೋಡಣೆಯಲ್ಲಿದೆ. ಒಂದು ಗಾಡಿಗೆ ಯಾವ ದರ್ಜೆಯ ಬೋಗಿ ಎಷ್ಟು ಎಂಬ ಲೆಕ್ಕದಲ್ಲಿ.

ಹೊಸ ಬೋಗಿ ಹಳೆಯದಕ್ಕಿಂತ ಸುಮಾರು ಎರಡು ಮೀಟರ್ ಉದ್ದ. ಹಾಗಾಗಿ ಸ್ಲೀಪರಿನಲ್ಲಿ 72 ಇದ್ದ ಬರ್ತು 80 ಆಯಿತು, ಥರ್ಡ್ ಎಸಿಯಲ್ಲಿ 64 ಇದ್ದದ್ದು 72 ಆಯಿತು. ಉದ್ದ ಹೆಚ್ಚಾದ್ದರಿಂದ ಪ್ಲಾಟ್‌ಫಾರಂ ಉದ್ದಕ್ಕೆ 24 ಬೋಗಿಯ ಬದಲು 22 ಹಿಡಿಯುತ್ತವೆ. ಇಲ್ಲಿಯವರೆಗೆ ಸರಿ. ಈಗ ಲೆಕ್ಕಕ್ಕಾಗಿ ಒಂದು ಗಾಡಿ ಇಟ್ಟುಕೊಳ್ಳೋಣ. ಯಾವುದೇ ನಿಜವಾದ ಗಾಡಿ ಅಲ್ಲ, ನನ್ನ ಮಕ್ಕಳಿಗೆ ಕೊಡುತ್ತಿದ್ದಂಥ ಒಂದು ಲೆಕ್ಕ. ನೀಲಿ ಬೋಗಿಯ ಕಾಲದಲ್ಲಿ ಅದಕ್ಕೆ 12 ಸ್ಲೀಪರ್, 3 ಥರ್ಡ್ ಎಸಿ. ಸ್ಲೀಪರ್ ಬರ್ತು 864, ಎಸಿ ಬರ್ತು 192, ಒಟ್ಟು 1,056. ಕೆಂಪು ಬೋಗಿ ಬಂದಾಗ ಅದಕ್ಕೆ 7 ಸ್ಲೀಪರ್, 7 ಥರ್ಡ್ ಎಸಿ ಹಾಕಿದರು ಅನ್ನಿ. ಸ್ಲೀಪರ್ 560, ಎಸಿ 504, ಒಟ್ಟು 1,064. ಬರ್ತು ಕಡಿಮೆಯಾಯಿತೆ? ಇಲ್ಲ, ಎಂಟು ಹೆಚ್ಚಾಯಿತು. ಕಾಗದದ ಮೇಲೆ ಯಾರೂ ತಪ್ಪು ಹುಡುಕಲಾರರು. ಆದರೆ ಸ್ಲೀಪರಿನಲ್ಲಿ ಹೋಗುತ್ತಿದ್ದವರಲ್ಲಿ 304 ಜನರಿಗೆ ಆ ಗಾಡಿಯಲ್ಲಿ ಜಾಗವಿಲ್ಲ. ದೂರದ ಪ್ರಯಾಣಕ್ಕೆ ಥರ್ಡ್ ಎಸಿಯ ದರ ಸ್ಲೀಪರಿನ ಸುಮಾರು ಎರಡೂವರೆ ಪಟ್ಟು. ನಾಲ್ಕು ಜನರ ಸಂಸಾರಕ್ಕೆ, ಹೋಗಿ ಬರುವುದಕ್ಕೆ, ಆ ಎರಡೂವರೆ ಪಟ್ಟು ಎಷ್ಟು ಸಾವಿರವಾಗುತ್ತದೆ ಅಂತ ಓದುಗರೇ ಗುಣಿಸಿ ನೋಡಬಹುದು.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಟೈಲರ್ ಅಂಗಡಿ ಇದೆ, ಕಲಬುರಗಿ ಕಡೆಯವರದು. ಅವರ ಮನೆಯಾಕೆ ನನ್ನನ್ನು ಅಕ್ಕಾ ಅನ್ನುತ್ತಾಳೆ. ಜಾತ್ರೆಗೋ ಮದುವೆಗೋ ಊರಿಗೆ ಹೊರಟರೆ ಮೊದಲು ನನ್ನ ಹತ್ತಿರ ಬಂದು ಟಿಕೆಟ್ ನೋಡಲು ಹೇಳುತ್ತಾಳೆ. 2024ರ ನವೆಂಬರಿನಿಂದ ಮುಂಗಡ ಕಾಯ್ದಿರಿಸುವ ಅವಧಿ 120 ದಿನದಿಂದ 60ಕ್ಕೆ ಇಳಿದಿದೆ. ಬುಕಿಂಗ್ ತೆರೆದ ಬೆಳಿಗ್ಗೆಯೇ ಸ್ಲೀಪರು ವೇಟಿಂಗ್ ತೋರಿಸುತ್ತದೆ, ಎಸಿಯಲ್ಲಿ ಜಾಗ ಕಾಣುತ್ತದೆ. "ಎಸಿ ಬ್ಯಾಡ್ರಿ ಅಕ್ಕಾ, ಇನ್ನೊಂದ್ ತಾರೀಕ್ ನೋಡ್ರಿ" ಅನ್ನುತ್ತಾಳೆ. ತಾರೀಕು ಹಿಂದೆ ಮುಂದೆ ಮಾಡಿ ಜಾತ್ರೆಗೆ ಹೋಗಲಾಗುವುದಿಲ್ಲ. ಅವಳ ಗಂಡ, "ಗಾಡಿ ಭಾಳ ಚೊಲೋ ಆಗೇತ್ರಿ, ನಮಗ ಸಿಗವಲ್ದು ಅಷ್ಟ" ಅಂದದ್ದು ನನ್ನ ಮನಸ್ಸಿನಲ್ಲಿ ಕೂತಿದೆ.

ರೈಲ್ವೆಯ ಕಡೆಯಿಂದಲೂ ಯೋಚಿಸಬೇಕು. ಸ್ಲೀಪರಿನ ದರ ಓಡಿಸುವ ಖರ್ಚಿಗೆ ಸಾಲುವುದಿಲ್ಲ. ಪ್ರಯಾಣಿಕರ ಗಾಡಿಗಳ ನಷ್ಟವನ್ನು ಕಲ್ಲಿದ್ದಲು, ಸಿಮೆಂಟು ಸಾಗಿಸಿದ ಹಣದಿಂದ ತುಂಬುತ್ತಾರೆ. ಥರ್ಡ್ ಎಸಿ ಗಳಿಸಿಕೊಡುವ ದರ್ಜೆ. 2021ರಲ್ಲಿ 83 ಬರ್ತಿನ ಥರ್ಡ್ ಎಸಿ ಎಕಾನಮಿ ಬೋಗಿ ತಂದದ್ದು ಸ್ಲೀಪರಿನವರನ್ನು ಸ್ವಲ್ಪ ಕಡಿಮೆ ದರದಲ್ಲಿ ಎಸಿಗೆ ಹತ್ತಿಸುವುದಕ್ಕೆ. ನಾಗಪುರದ ಮೇ ತಿಂಗಳಲ್ಲಿ, ನಲವತ್ತೈದು ಡಿಗ್ರಿಯ ಮಧ್ಯಾಹ್ನ, ಸ್ಲೀಪರಿನ ಕಿಟಕಿಯಿಂದ ಬರುವ ಬಿಸಿಗಾಳಿಗೆ ಮುಖ ಕೊಟ್ಟು ಕೂತವರಿಗೆ ಎಸಿ ಬೇಡ ಅನ್ನುವ ಧೈರ್ಯ ನನಗಿಲ್ಲ. ಎಸಿ ಬರಲಿ. ಸ್ಲೀಪರನ್ನು ಕಿತ್ತು ಅದರ ಜಾಗದಲ್ಲಿ ಬರುವುದು ಬೇಡ ಎಂಬುದಷ್ಟೇ ನನ್ನ ಮಾತು. ಇದರ ಜೊತೆಗೆ ಇನ್ನೊಂದು ಸೇರಿಕೊಂಡಿತು. 2020ರ ಮಾರ್ಚಿನಲ್ಲಿ ಹಿರಿಯರ ರಿಯಾಯಿತಿ ನಿಂತಿತು. ಗಂಡಸರಿಗೆ 60ರ ಮೇಲೆ ಶೇ. 40, ಹೆಂಗಸರಿಗೆ 58ರ ಮೇಲೆ ಶೇ. 50 ಇದ್ದದ್ದು. ಕೊರೋನಾ ಹೋದ ಮೇಲೂ ಅದು ಮರಳಲಿಲ್ಲ. ನಲವತ್ತು ವರ್ಷ ಒಂದೇ ಗಾಡಿಯಲ್ಲಿ ಓಡಾಡಿದವರು ತಾವು ಹಿರಿಯರಾಗುವ ಹೊತ್ತಿಗೆ ಪೂರ್ತಿ ದರ ಕೊಡಬೇಕಾಯಿತು.

ಇದೆಲ್ಲದರ ನಡುವೆ ನಾಗಪುರಕ್ಕೆ ವಂದೇ ಭಾರತ್ ಬಂತು. 2022ರ ಡಿಸೆಂಬರ್ 11ರಂದು ಪ್ರಧಾನಿಯವರು ನಾಗಪುರ ಸ್ಟೇಷನ್ನಿನಲ್ಲೇ ನಿಂತು ಬಿಲಾಸಪುರದ ಗಾಡಿಗೆ ಹಸಿರು ನಿಶಾನೆ ತೋರಿದರು. 16 ಬೋಗಿಯ ಬಿಳಿ ಗಾಡಿ. ನೋಡಲು ಊರೇ ಸೇರಿತ್ತು. ಹತ್ತಲು ಅಷ್ಟು ಜನ ಬರಲಿಲ್ಲ. 2023ರ ಮೇ ತಿಂಗಳಲ್ಲಿ ಆ ರೇಕನ್ನು ಬೇರೆ ಕಡೆಗೆ ಒಯ್ದು ಸ್ವಲ್ಪ ಕಾಲ ತೇಜಸ್ ಬೋಗಿಗಳನ್ನು ಓಡಿಸಿದರು. ಆಮೇಲೆ ಬಂದದ್ದು 8 ಬೋಗಿಯದು. 2024ರ ಸೆಪ್ಟೆಂಬರ್ 16ರಂದು ಶುರುವಾದ ನಾಗಪುರ-ಸಿಕಂದರಾಬಾದ್ ವಂದೇ ಭಾರತ್ ಕಥೆಯೂ ಹೀಗೆಯೇ. 20 ಬೋಗಿ, 1,440 ಸೀಟುಗಳೊಂದಿಗೆ ಹೊರಟಿತು. ಬಹುಪಾಲು ಸೀಟು ಖಾಲಿ ಓಡಿ, 2025ರ ಫೆಬ್ರುವರಿಯಲ್ಲಿ 8 ಬೋಗಿ, 530 ಸೀಟಿಗೆ ಇಳಿಯಿತು.

ಈ ಸಿಕಂದರಾಬಾದ್ ಗಾಡಿ ಬಂದಾಗ ನಮ್ಮ ಕನ್ನಡದವರಲ್ಲಿ ಆಸೆ ಹುಟ್ಟಿದ್ದು ನಿಜ. ಹೈದರಾಬಾದಿನ ಕಾಚಿಗುಡದಿಂದ ಯಶವಂತಪುರಕ್ಕೆ 2023ರ ಸೆಪ್ಟೆಂಬರಿನಿಂದಲೇ ಇನ್ನೊಂದು ವಂದೇ ಭಾರತ್ ಇದೆ. ಎರಡನ್ನೂ ಜೋಡಿಸಿದರೆ ಬೆಂಗಳೂರು ಹತ್ತಿರವಾಯಿತಲ್ಲ! ಕೂತು ಟೈಮ್‌ಟೇಬಲ್ ನೋಡಿದೆವು. ನಾಗಪುರದ ಗಾಡಿ ಬೆಳಗಿನ ಜಾವ ಹೊರಟು ಮಧ್ಯಾಹ್ನ ಸಿಕಂದರಾಬಾದಿಗೆ ಮುಟ್ಟುತ್ತದೆ. ಕಾಚಿಗುಡದ ಗಾಡಿಯೂ ಬೆಳಗಿನ ಜಾವವೇ ಹೊರಟುಬಿಟ್ಟಿರುತ್ತದೆ. ನಡುವೆ ಒಂದು ರಾತ್ರಿ ಹೈದರಾಬಾದಿನ ಲಾಡ್ಜಿನಲ್ಲಿ ಕಳೆಯಬೇಕು. ಎರಡು ಟಿಕೆಟ್ಟು, ಲಾಡ್ಜಿನ ಬಾಡಿಗೆ, ಆಟೋ, ಸಾಮಾನು ಹೊತ್ತು ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಓಡಾಟ. ಅದರ ಬದಲು ಸಂಪರ್ಕ ಕ್ರಾಂತಿಯಲ್ಲಿ ಊಟ ಮುಗಿಸಿ ಕಾಲು ಚಾಚಿದರೆ ಬೆಳಕಾಗುವ ಹೊತ್ತಿಗೆ ಬಹಳಷ್ಟು ದಾರಿ ಸವೆದಿರುತ್ತದೆ. ಹಳೆಯ ಗಾಡಿಗೆ ಅಂಟಿಕೊಂಡವರು ಕುರುಡು ಪ್ರೀತಿಯಿಂದ ಅಂಟಿಕೊಂಡಿಲ್ಲ. ಅವರು ಮಲಗುವ ರಾತ್ರಿಯನ್ನು ಪ್ರಯಾಣಕ್ಕೆ ಕೊಟ್ಟು ಹಗಲನ್ನು ಉಳಿಸಿಕೊಳ್ಳುವವರು. ಸೀಟಿನ ಗಾಡಿ ಎಷ್ಟೇ ಚೆಂದವಿರಲಿ, ಬರ್ತಿನ ಕೆಲಸ ಮಾಡಲಾರದು.

ಹೊಸದು ಬಂದಾಗ ಹಳೆಯ ಪ್ರಯಾಣಿಕರು ತಳಮಳಗೊಳ್ಳುವುದು ರೈಲಿಗಷ್ಟೇ ಸೇರಿದ್ದಲ್ಲ. ಸಮುದ್ರಯಾನದ ಹಡಗುಗಳ ಲೋಕದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. 1969ರಿಂದ ಓಡುತ್ತಿದ್ದ ಬ್ರಿಟನ್ನಿನ ಕ್ವೀನ್ ಎಲಿಜಬೆತ್ 2 ಹಡಗನ್ನು ಕುನಾರ್ಡ್ ಕಂಪನಿ 2007ರಲ್ಲಿ ದುಬೈಗೆ ಮಾರಿತು. ಅದರ ಕೊನೆಯ ಪಯಣದ ಟಿಕೆಟ್ಟುಗಳು ಮಾರಾಟಕ್ಕಿಟ್ಟ ಕೂಡಲೇ ತೀರಿಹೋದವು. ಈಗ ಅದು ದುಬೈ ಬಂದರಿನಲ್ಲಿ ಹೋಟೆಲಾಗಿ ನಿಂತಿದೆ. ಹಡಗುಗಳ ಹಳೆಯ ಪ್ರಯಾಣಿಕರ ಆಕ್ಷೇಪಣೆಯೂ ಕೇಳಿದರೆ ನಮ್ಮದರಂತೆಯೇ ಇರುತ್ತದೆ. ಹೊಸ ಹಡಗು ಅತಿ ದೊಡ್ಡದು, ಮೊದಲು ಎಲ್ಲರಿಗೂ ಸೇರಿದ್ದ ಜಾಗ ಈಗ ಹೆಚ್ಚು ದುಡ್ಡು ಕೊಟ್ಟವರಿಗೆ ಮೀಸಲು, ನಮ್ಮ ಮೂಲೆ ಇಲ್ಲ. ಒಂದು ಕಡೆಯ ಹಳತು ಇನ್ನೊಂದು ಕಡೆ ಹೊಸತಾಗುವುದೂ ಉಂಟು. 2021ರಲ್ಲಿ ಮುಂಬಯಿಯಿಂದ ಹೊರಟು ನಮ್ಮವರ ಕಣ್ಣಿಗೆ ಹೊಚ್ಚ ಹೊಸದಾಗಿ ಕಂಡ ಕೊರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು ಕಟ್ಟಿದ್ದು 1990ರಲ್ಲಿ. ಮೂವತ್ತು ವರ್ಷ ಬೇರೆ ಕಡೆ ದುಡಿದ ಮೇಲೆ ಅದು ಇಲ್ಲಿಗೆ ಬಂತು. ಆದರೆ ಒಂದು ವ್ಯತ್ಯಾಸ ಮರೆಯಬಾರದು. ಹಡಗಿನವರು ಸುಖಕ್ಕೆ ಹೋಗುವವರು. ಇಷ್ಟವಾಗದಿದ್ದರೆ ಬೇರೆ ಹಡಗು, ಅದೂ ಬೇಡವಾದರೆ ಮನೆ. ಅಪ್ಪನ ತಿಥಿಗೆ ಊರಿಗೆ ಹೊರಟವರಿಗೆ ಅಂಥ ಆಯ್ಕೆ ಇಲ್ಲ.

ನಾಗಪುರದಲ್ಲಿ ಹಳೆಯ ಗಾಡಿಗಳಿಗೆ ಮರ್ಯಾದೆ ಸಿಕ್ಕಿಲ್ಲ ಅಂತ ಹೇಳಲಾರೆ. ಮೋತಿಬಾಗ್‌ನಲ್ಲಿ 2002ರಿಂದ ನ್ಯಾರೋಗೇಜ್ ರೈಲ್ ಮ್ಯೂಸಿಯಂ ಇದೆ. ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಸಾತ್ಪುಡಾ ಬೆಟ್ಟಗಳಲ್ಲಿ ಛಿಂದವಾಡದ ಕಡೆ ಓಡುತ್ತಿದ್ದ ಪುಟ್ಟ ಗಾಡಿಗಳ ಎಂಜಿನ್ನುಗಳನ್ನು ಅಲ್ಲಿ ಒಪ್ಪವಾಗಿ ಇಟ್ಟಿದ್ದಾರೆ. ಆ ಹಳಿಯನ್ನು 2015ರ ಕೊನೆಗೆ ಮುಚ್ಚಿ ಬ್ರಾಡ್‌ಗೇಜ್ ಮಾಡಲು ಹಿಡಿದರು. ಹೊಸ ಹಳಿ ಬರುವವರೆಗಿನ ವರ್ಷಗಳಲ್ಲಿ ಆ ಊರುಗಳವರಿಗೆ ಬಸ್ಸೇ ಗತಿ. ಸ್ಟೇಷನ್ನಿನ ಹತ್ತಿರ ಹಳೆಯ ಬೋಗಿಯೊಂದನ್ನು ರೆಸ್ಟೋರೆಂಟ್ ಮಾಡಿದ್ದಾರೆ, ಮಕ್ಕಳನ್ನು ಕರೆದುಕೊಂಡು ಹೋಗುವವರು ಬಹಳ. ಇನ್ನು ಎಷ್ಟೋ ನೀಲಿ ಬೋಗಿಗಳ ಸೀಟು ಬರ್ತು ಕಿತ್ತು, ಕಿಟಕಿ ಮುಚ್ಚಿ, ಕಾರುಗಳನ್ನು ಸಾಗಿಸುವ ಬೋಗಿಗಳನ್ನಾಗಿ ಮಾಡಿದ್ದಾರೆ. ಗೂಡ್ಸ್ ಗಾಡಿಯಾಗಿ ಅವು ನಾಗಪುರ ದಾಟುವುದನ್ನು ನೋಡಿದರೆ ಕಾಕಾ ಕೈ ಎತ್ತಿ ತೋರಿಸುತ್ತಾರೆ.

ಮುಂದೆ ಬರುವುದು ಇನ್ನೂ ದೊಡ್ಡ ಬದಲಾವಣೆ. ವಂದೇ ಭಾರತ್ ಸ್ಲೀಪರ್ ಗಾಡಿಯನ್ನು ಕಟ್ಟಿದ್ದು ನಮ್ಮ ಬೆಂಗಳೂರಿನ ಬಿಇಎಂಎಲ್. 2024ರ ಸೆಪ್ಟೆಂಬರ್ 1ರಂದು ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ಅದನ್ನು ಬೆಂಗಳೂರಿನಲ್ಲಿ ಅನಾವರಣ ಮಾಡಿದರು. 16 ಬೋಗಿ, 823 ಬರ್ತು: ಥರ್ಡ್ ಎಸಿ 611, ಸೆಕೆಂಡ್ ಎಸಿ 188, ಫಸ್ಟ್ ಎಸಿ 24. ಕನ್ನಡ ನಾಡಿನಲ್ಲಿ ಕಟ್ಟಿದ ಗಾಡಿ ಅಂತ ನನಗೆ ಹೆಮ್ಮೆ ಇದೆ, ಒಂದು ದಿನ ಅದು ನಾಗಪುರದ ಮೇಲೆ ಬೆಂಗಳೂರಿಗೆ ಓಡಲಿ ಎಂಬ ಆಸೆಯೂ ಇದೆ. ಆದರೆ 823ರಲ್ಲಿ ಟೈಲರ್ ಮನೆಯವರಿಗೆಂದು ಒಂದು ಬರ್ತೂ ಇಲ್ಲ.

ಅವರಿಗಾಗಿ ಇರುವ ಹೊಸ ಗಾಡಿಯೂ ಇದೆ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಅಮೃತ ಭಾರತ್. 2023ರ ಡಿಸೆಂಬರ್ 30ರಂದು ಹೊರಟ ಮೊದಲ ಎರಡು ಗಾಡಿಗಳಲ್ಲಿ ಒಂದು ಬಂಗಾಳದ ಮಾಲ್ಡಾದಿಂದ ಬೆಂಗಳೂರಿಗೆ ಬರುವಂಥದು. ಎಸಿ ಇಲ್ಲ. ಬರೀ ಸ್ಲೀಪರ್ ಮತ್ತು ಜನರಲ್. ಮುಂದೆ ಒಂದು ಎಂಜಿನ್ನು, ಹಿಂದೆ ಒಂದು, ಎರಡೂ ಸೇರಿ ಎಳೆದು ತಳ್ಳುವುದರಿಂದ ಬೇಗ ವೇಗ ಹಿಡಿಯುತ್ತದೆ. ಬೋಗಿಗಳನ್ನು ಸಡಿಲವಿಲ್ಲದ ಕಪ್ಲರಿನಿಂದ ಕಾಯಂ ಜೋಡಿಸಿರುವುದರಿಂದ ಜರ್ಕು ಇಲ್ಲವೆನ್ನುವಷ್ಟು ಕಡಿಮೆ. ಹಳೆಯ ಪ್ರಯಾಣಿಕರು ಇಷ್ಟು ವರ್ಷ ಹೇಳುತ್ತಾ ಬಂದ ಎರಡು ದೂರಿಗೂ ಒಂದೇ ಗಾಡಿಯಲ್ಲಿ ಉತ್ತರ. ಎಸಿ ಇಲ್ಲದ ಬೋಗಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕಟ್ಟುವುದಾಗಿ 2024ರಲ್ಲಿ ರೈಲ್ವೆ ಹೇಳಿತು. ಜನ ಕೂಗಿದ್ದು ಕೇಳಿಸಿದ್ದರಿಂದಲೇ ಹೇಳಿತು ಅಂತ ನಾನು ನಂಬಿದ್ದೇನೆ.

ರೈಲ್ವೆಯ ಪ್ರತಿ ವಿಭಾಗಕ್ಕೂ ಪ್ರಯಾಣಿಕರ ಸಲಹಾ ಸಮಿತಿ ಎಂದು ಒಂದಿದೆ. ನಾಗಪುರಕ್ಕಂತೂ ಮಧ್ಯ ರೈಲ್ವೆಯದು ಒಂದು, ಆಗ್ನೇಯ ಮಧ್ಯ ರೈಲ್ವೆಯದು ಇನ್ನೊಂದು ಅಂತ ಎರಡು ವಿಭಾಗ ಕಚೇರಿಗಳಿವೆ. ನಮ್ಮ ಬಡಾವಣೆಯ ಕೆಲವರು ಸೇರಿ ಎರಡಕ್ಕೂ ಅರ್ಜಿ ಬರೆಯುತ್ತಿದ್ದೇವೆ. ಮರಾಠಿಯ ಕರಡು ಕಾಕಾ ಅವರದು, ಅಂಕಿಗಳು ನನ್ನವು. ಕೇಳಿರುವುದು ಎರಡೇ. ರೇಕು ಬದಲಿಸುವಾಗ ಸ್ಲೀಪರ್ ಬರ್ತುಗಳ ಸಂಖ್ಯೆ ಮೊದಲಿಗಿಂತ ಇಳಿಯಬಾರದು. ನಾಗಪುರ-ಬೆಂಗಳೂರು ನಡುವೆ ಒಂದು ಅಮೃತ ಭಾರತ್ ಬೇಕು, ರಾತ್ರಿ ಹೊತ್ತು. ಟೈಲರ್ ಅಂಗಡಿಯವರ ಸಹಿ ಎಲ್ಲಕ್ಕಿಂತ ಮೇಲಿದೆ.